ರಜೆಯ ಚೀಟಿಯೂ ಹಾಜರಿಯ ಪುಸ್ತಕವೂ

ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಏರುವ ಘಟ್ಟದಲ್ಲಿ 17 ಕಡಿದಾದ ತಿರುವುಗಳಿವೆ. ಹಿಂಗಾರಿನಲ್ಲಿ ಬಂಡೆ ಉರುಳಿತೆಂದರೆ ಬಸ್ಸು ನಿಲ್ಲುತ್ತದೆ; ಏಲಕ್ಕಿ ತೋಟಗಳಿಂದ ಕೆಳಗಿನ ಕಾಲೇಜಿಗೆ ಇಳಿಯುವ ಮಕ್ಕಳ ಹಾಜರಿಯೂ ನಿಲ್ಲುತ್ತದೆ. “ಚೀಟಿ ಕೊಟ್ಟಿದ್ದೇನಲ್ಲ ಸಾರ್” ಎಂಬ ಮಾತನ್ನು ಅಧ್ಯಾಪಕನಾಗಿ ನಾನು ಅದೆಷ್ಟು ಬಾರಿ ಕೇಳಿದೆನೋ!

ರಜೆಯ ಚೀಟಿಯು ಗೈರುಹಾಜರಿಯ ಕಾರಣವನ್ನು ತಿಳಿಸುವುದೇ ಹೊರತು ಅದನ್ನು ಹಾಜರಿಯಾಗಿ ಮಾರ್ಪಡಿಸದು. ವೈದ್ಯರ ಪ್ರಮಾಣಪತ್ರವೂ ಅಷ್ಟೇ. ಸಾಮಾನ್ಯವಾಗಿ ಬೇಕಾದುದು ಶೇಕಡ 75. 90 ದಿನಗಳ ಸೆಮಿಸ್ಟರಿನಲ್ಲಿ ಅದು 68 ದಿನ. ಉಳಿದ 22ರಲ್ಲಿಯೇ ಜ್ವರ, ಮದುವೆ, ಮಳೆ ಎಲ್ಲವೂ ಅಡಗಬೇಕು. ಶೇಕಡ 65 ಮುಟ್ಟಿದವರು ಅನೇಕ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ತೆತ್ತು ಕೊರತೆಯ ಮನ್ನಾ ಬೇಡಬಹುದು. ಚೀಟಿ, ಪ್ರಮಾಣಪತ್ರಗಳಿಗೆ ಬೆಲೆ ಬರುವುದು ಆಗಲೇ. ಎನ್‌ಸಿಸಿ, ಕ್ರೀಡೆಗಳಿಗೆ ಕಾಲೇಜೇ ಕಳುಹಿಸಿದ ದಿನಗಳ ಮಾತು ಬೇರೆ; ಬರೆಸಿಕೊಂಡರೆ ಅವು ಹಾಜರಿಯೇ. ಘಟ್ಟದಾಚೆಯ ಕೇರಳವಂತೂ 2023ರಲ್ಲಿ ಋತುಸ್ರಾವದ ಕಾರಣಕ್ಕಾಗಿ ವಿದ್ಯಾರ್ಥಿನಿಯರ ಮಿತಿಯನ್ನು ಶೇಕಡ 73ಕ್ಕೆ ಇಳಿಸಿತು. ಒಳ್ಳೆಯ ಕೆಲಸವೆಂದೇ ನನ್ನ ಎಣಿಕೆ.

ನನ್ನ ವಿದ್ಯಾರ್ಥಿಯೊಬ್ಬನ ಲೆಕ್ಕ 58 ದಿನಕ್ಕೆ ನಿಂತಿತು. ಮನ್ನಾ ಬೇಡಲು 59 ಬೇಕಿತ್ತು. ಪರೀಕ್ಷೆಗೆ ಕೂರಲಾಗಲಿಲ್ಲ. ಅವನ ಕೈಯಲ್ಲಿ ಚೀಟಿಗಳ ಕಟ್ಟೇ ಇತ್ತು. ಕಾಲೇಜಿನ ಪರವಾಗಿ ಕಬಡ್ಡಿ ಆಡಿದ ಎರಡು ದಿನಗಳನ್ನು ಮಾತ್ರ ಅವನು ಪುಸ್ತಕದಲ್ಲಿ ಬರೆಸಿಕೊಂಡಿರಲಿಲ್ಲ.