ಮುದ್ರಣದಲ್ಲಿ ಶಾಸನಪಾಠ ತುಂಡಾಗದಿರಲಿ

‘ಕವಿರಾಜಮಾರ್ಗ’ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಇಲ್ಲಿನ ಜೈನ ಶಾಸನಗಳ ಜಾಲಪುಟವನ್ನು ಮನೆಯ ಹಿರಿಯರಿಗಾಗಿ ಮುದ್ರಿಸಿದಾಗ ಶೀರ್ಷಿಕೆ ಒಂದು ಹಾಳೆಯ ತಳದಲ್ಲಿ, ಪಾಠ ಮುಂದಿನ ಹಾಳೆಯಲ್ಲಿ ಬೀಳುವುದುಂಟು. ಹಾಳೆಗಳು ಬೇರ್ಪಟ್ಟರೆ ಅದು ಯಾವ ಊರಿನ ಶಾಸನವೆಂಬುದೇ ತಿಳಿಯದು. ಪರದೆಯ ಮೇಲಿನ ಪುಟಕ್ಕೆ ಹಾಳೆಯ ಅಳತೆಯಿಲ್ಲ. ಮುದ್ರಿಸುವಾಗ ಬ್ರೌಸರ್ ಅದನ್ನು ಹಾಳೆಯ ಎತ್ತರಕ್ಕೆ ತಕ್ಕಂತೆ ತುಂಡರಿಸುತ್ತದೆ.

ಪುಟ ರೂಪಿಸುವವರು ಸಿಎಸ್ಎಸ್ ಮುದ್ರಣ ನಿಯಮಗಳಲ್ಲಿ ಶೀರ್ಷಿಕೆಗೆ ‘ಬ್ರೇಕ್-ಆಫ್ಟರ್: ಅವಾಯ್ಡ್’, ಶಾಸನಪಾಠಕ್ಕೆ ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಎಂದು ಕೊಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ವಿವರ ಹೊಸ ಹಾಳೆಯಿಂದಲೇ ಆರಂಭವಾಗಬೇಕಿದ್ದರೆ ತಾಲ್ಲೂಕಿನ ಶೀರ್ಷಿಕೆಗೆ ‘ಬ್ರೇಕ್-ಬಿಫೋರ್: ಪೇಜ್’ ಸೇರಿಸಬೇಕು. ಒಂದು ಹಾಳೆಗಿಂತ ಉದ್ದದ ಪಾಠ ಹೇಗೂ ತುಂಡಾಗುತ್ತದೆ. ಅದಕ್ಕೆ ಸಾಲುಸಂಖ್ಯೆ ಹಾಕಿ. ಮುದ್ರಿಸುವ ಮುನ್ನ ಎ4 ಅಳತೆ ಆರಿಸಿ, ಮುನ್ನೋಟದಲ್ಲಿ ಪ್ರತಿ ಹಾಳೆಯನ್ನೂ ನೋಡಿ.