ಹಂಚಿಕೆಯ ಪಟ್ಟಿಯಲ್ಲಿ ಯಾರ ಹೆಸರಿಲ್ಲ?

ದಲಿತ ವಿಮರ್ಶೆ ಅಂದಕೂಡಲೇ ದಲಿತರು ಬರೆದ ಕೃತಿಗಳ ವಿಮರ್ಶೆ, ಇಲ್ಲವೇ ಮೇಲ್ಜಾತಿಯ ಲೇಖಕರು ದಲಿತರನ್ನು ಹೇಗೆ ಚಿತ್ರಿಸಿದ್ದಾರೆ ಅನ್ನೋದರ ಲೆಕ್ಕ ತಪಾಸಣೆ ಅಂತ ತಿಳಿಯುವ ರೂಢಿ ನಮ್ಮಲ್ಲಿ ಬೆಳೆದಿದೆ. ಎರಡೂ ಬೇಕು. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ನಮ್ಮ ಕಣ್ಣನ್ನು ನಾವೇ ಕೇರಿಯೊಳಗೆ ಕಟ್ಟಿಹಾಕಿಕೊಂಡ ಹಾಗೆ. ಊರಾಚೆ ನಿಂತು ಊರನ್ನು ನೋಡಿದವರಿಗೆ ಒಂದು ನೋಟ ದಕ್ಕಿರುತ್ತದೆ. ಆ ನೋಟದಿಂದ ಜಗತ್ತಿನ ಯಾವ ಕತೆಯನ್ನಾದರೂ ಓದಬಹುದು. ಹಾಗೆ ಓದಿ ನೋಡೋಣ ಅಂತಲೇ ಸ್ಪೇನಿನ ಒಂದು ಸಿನಿಮಾವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದು ಅಲೆಕ್ಸ್ ದೆ ಲಾ ಇಗ್ಲೇಸಿಯಾ 2000ದಲ್ಲಿ ತೆಗೆದ ‘ಲಾ ಕೊಮುನಿದಾದ್’. ಅದರಲ್ಲಿ ದಲಿತರಿಲ್ಲ, ಜಾತಿಯೂ ಇಲ್ಲ. ಇರುವುದು ಒಂದು ಹಳೇ ಕಟ್ಟಡ, ಅದರೊಳಗಿನ ಸಂಸಾರಗಳು, ಒಂದು ಹೆಣ, ಒಂದಷ್ಟು ದುಡ್ಡು.

ಕತೆ ಹೀಗಿದೆ. ಮ್ಯಾಡ್ರಿಡ್ ನಗರದ ನಡುವೆ ಒಂದು ಹಳೆಯ ವಸತಿ ಕಟ್ಟಡ. ಅಲ್ಲಿ ಖಾಲಿ ಬಿದ್ದಿರುವ ಒಂದು ಮನೆಯನ್ನು ಮಾರಿಸಲು ಹೂಲಿಯಾ ಎಂಬ ಹೆಂಗಸು ಬರುತ್ತಾಳೆ. ಮನೆ ಮಾರಿಸುವ ಕಂಪನಿಯಲ್ಲಿ ದುಡಿಯುವವಳು, ವಯಸ್ಸು ನಲವತ್ತು ದಾಟಿದೆ, ಸ್ವಂತದ್ದು ಅಂತ ಏನೂ ಇಲ್ಲ. (ಈ ಪಾತ್ರ ಮಾಡಿದ ಕಾರ್ಮೆನ್ ಮೌರಾಗೆ ಸ್ಪೇನಿನ ಗೋಯಾ ಪ್ರಶಸ್ತಿ ಬಂತು.) ಮೇಲಿನ ಮನೆಯಲ್ಲಿ ಒಬ್ಬ ಮುದುಕ ಒಂಟಿಯಾಗಿ ಸತ್ತು ಕೊಳೆಯುತ್ತಿರುವುದು ಬೆಳಕಿಗೆ ಬರುತ್ತದೆ. ಆತ ಎಷ್ಟೋ ವರ್ಷಗಳ ಹಿಂದೆ ಫುಟ್‌ಬಾಲ್ ಪಂದ್ಯದ ಫಲಿತಾಂಶ ಊಹಿಸುವ ಸರ್ಕಾರಿ ಲಾಟರಿಯಲ್ಲಿ ಭಾರೀ ಬಹುಮಾನ ಗೆದ್ದವನು. ಆ ದುಡ್ಡು ಅವನ ಮನೆಯ ನೆಲದ ಹಾಸಿನ ಕೆಳಗೇ ಇದೆ. ಒಟ್ಟು 300 ದಶಲಕ್ಷ ಪೆಸೆಟಾ. ಯೂರೋ ಲೆಕ್ಕದಲ್ಲಿ ಸುಮಾರು 18 ಲಕ್ಷ. ದುಡ್ಡು ಹೂಲಿಯಾ ಕೈಗೆ ಸಿಗುತ್ತದೆ. ಆಮೇಲೆ ಅವಳಿಗೆ ಗೊತ್ತಾಗುತ್ತೆ, ಇಡೀ ಕಟ್ಟಡವೇ ಈ ದುಡ್ಡಿಗಾಗಿ ವರ್ಷಗಟ್ಟಲೆ ಕಾದು ಕೂತಿದೆ ಅಂತ. ಮುದುಕ ಯಾವತ್ತು ಸಾಯುತ್ತಾನೋ ಅವತ್ತು ಎಲ್ಲರೂ ಸಮಪಾಲು ಹಂಚಿಕೊಳ್ಳುವುದೆಂದು ನೆರೆಹೊರೆಯವರೆಲ್ಲ ಒಪ್ಪಂದ ಮಾಡಿಕೊಂಡಿದ್ದಾರೆ. ಮುದುಕ ಹೊರಗೆ ಕಾಲಿಟ್ಟರೆ ಕೊಂದಾರು ಎಂಬ ಭಯದಲ್ಲಿ ಮನೆಯಲ್ಲೇ ಸೆರೆಯಾಗಿದ್ದ. ಕೋಟ್ಯಧಿಪತಿ ಕಸದ ರಾಶಿಯ ನಡುವೆ ಸತ್ತ. ಈಗ ಹೂಲಿಯಾ ಸುತ್ತ ಅದೇ ಬಲೆ ಬಿಗಿಯುತ್ತದೆ. ಮೊದಲು ನಗು, ಉಪಚಾರ. ಆಮೇಲೆ ಪಾಲಿನ ಮಾತು, ಆಮೇಲೆ ಕೊಲೆ. ನೋಡುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕಮೇಲೆ ಬಾಯಿ ಕಹಿ.

ಸಿನಿಮಾದ ಹೆಸರಿಗೆ ಎರಡರ್ಥ ಇದೆ. ‘ಕೊಮುನಿದಾದ್’ ಅಂದರೆ ಸಮುದಾಯ. ಅದರ ಜೊತೆಗೆ ಒಂದು ಕಟ್ಟಡದಲ್ಲಿ ಮನೆ ಹೊಂದಿರುವ ಮಾಲೀಕರ ಸಂಘಕ್ಕೂ ಸ್ಪೇನಿನಲ್ಲಿ ಇದೇ ಪದ. 1960ರಲ್ಲಿ, ಫ್ರಾಂಕೋ ಸರ್ವಾಧಿಕಾರದ ಕಾಲದಲ್ಲಿ, ಬಂದ ಕಾನೂನು ಈ ಸಂಘಗಳಿಗೆ ಒಂದು ಚೌಕಟ್ಟು ಹಾಕಿಕೊಟ್ಟಿತು. ಅಧ್ಯಕ್ಷ, ಆಡಳಿತಗಾರ, ಸಭೆ, ಮತದಾನ, ವೆಚ್ಚದಲ್ಲಿ ಪಾಲು ಎಲ್ಲ ಉಂಟು. ಅದೇ ಹೊತ್ತಿನಲ್ಲಿ ಫ್ರಾಂಕೋನ ವಸತಿ ಮಂತ್ರಿಯಾಗಿದ್ದ ಹೋಸೆ ಲೂಯಿಸ್ ಅರ್ರೇಸೆ, ನಮಗೆ ಬೇಕಾದ್ದು ಕೂಲಿಗಳ ನಾಡಲ್ಲ, ಮಾಲೀಕರ ನಾಡು ಅನ್ನುವ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದ. ಕೂಲಿಗೆ ಒಂದು ಮನೆಯ ಹಕ್ಕುಪತ್ರ ಕೊಟ್ಟರೆ ಅವನು ಬೀದಿಗಿಳಿಯೋದು ಬಿಟ್ಟು ಗೋಡೆ ಕಾಯ್ತಾನೆ ಅನ್ನೋ ಲೆಕ್ಕಾಚಾರ. ಸರ್ವಾಧಿಕಾರಿ 1975ರಲ್ಲಿ ಸತ್ತ, ಪ್ರಜಾಪ್ರಭುತ್ವ ಬಂತು, ಗೋಡೆ ಕಾಯುವ ಚಾಳಿ ಹೋಗಲಿಲ್ಲ. ಇಗ್ಲೇಸಿಯಾ ಈ ಸಿನಿಮಾ ತೆಗೆಯುವ ಹೊತ್ತಿಗೆ ಸ್ಪೇನಿನಲ್ಲಿ ಮನೆಗಳ ಬೆಲೆ ಏರತೊಡಗಿತ್ತು. 2008ರಲ್ಲಿ ಆ ಗುಳ್ಳೆ ಒಡೆಯಿತು. ಮನೆ ಮಾರಿಸುವವಳನ್ನು ನಾಯಕಿ ಮಾಡಿದ್ದು ಸುಮ್ಮನೆ ಅಲ್ಲ.

ಈಗ ಕಾರ್ಯಕರ್ತರಿಗೆ ಮುಜುಗರವಾಗುವ ಪ್ರಶ್ನೆಗೆ ಬರ್ತೀನಿ. ಈ ನೆರೆಹೊರೆಯವರ ಭಾಷೆಯನ್ನು ಕಿವಿಗೊಟ್ಟು ಕೇಳಿ. ಎಲ್ಲರಿಗೂ ಸಮಪಾಲು, ಒಬ್ಬನೇ ನುಂಗುವ ಹಾಗಿಲ್ಲ, ಒಗ್ಗಟ್ಟೇ ಬಲ. ನಮ್ಮ ಸಭೆಗಳಲ್ಲಿ ನಾವು ಆಡುವ ಮಾತೇ ಅಲ್ವೆ? ಹಾಗಾದರೆ ಈ ಸಿನಿಮಾ ಹಂಚಿ ತಿನ್ನುವ ಆದರ್ಶವನ್ನೇ ಗೇಲಿ ಮಾಡ್ತಾ ಇದೆಯೇ? ನನ್ನ ಜೊತೆ ಇದನ್ನು ನೋಡಿದ ಒಬ್ಬ ಗೆಳೆಯ ಹಾಗೇ ವಾದಿಸಿದ. ಇದು ಬಲಪಂಥದ ಸಿನಿಮಾ, ಜನ ಒಟ್ಟಾದರೆ ಕೊಲೆಗಡುಕರಾಗ್ತಾರೆ ಅಂತ ಹೇಳುತ್ತೆ ಅಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಇದಕ್ಕೆ ಉತ್ತರ ಹುಡುಕಲು ಅಂಬೇಡ್ಕರ್ ಬಳಿಗೆ ಹೋಗಬೇಕು.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರ್ ಜಾತಿಯನ್ನು ಬಾಗಿಲು ಮುಚ್ಚಿಕೊಂಡ ವರ್ಗ ಎಂದು ವಿವರಿಸಿದರು. 1936ರ ‘ಜಾತಿ ವಿನಾಶ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿಗೆ ತನ್ನದೇ ಹಿತ ಅಂತ ಒಂದು ಹುಟ್ಟಿಕೊಂಡು, ಆ ಹಿತ ಮಿಕ್ಕವರೊಂದಿಗೆ ಬೆರೆಯುವುದಕ್ಕೆ ಅಡ್ಡ ನಿಂತರೆ ಆ ಗುಂಪು ಸಮಾಜ ವಿರೋಧಿಯಾಗುತ್ತದೆ ಎಂಬುದು ಅಲ್ಲಿನ ತರ್ಕ. ಇದನ್ನಿಟ್ಟುಕೊಂಡು ಮ್ಯಾಡ್ರಿಡ್ಡಿನ ಕಟ್ಟಡ ನೋಡಿ. ಒಳಗೆ ಸಮಾನತೆ ಇದೆ, ಹೊರಗಿನವರಿಗೆ ಬಾಗಿಲು ಮುಚ್ಚಿದೆ. ಬಿಟ್ಟುಹೋಗಲು ಯತ್ನಿಸಿದವನಿಗೆ ಶಿಕ್ಷೆ ಇದೆ. ಎಲ್ಲರನ್ನೂ ಹಿಡಿದಿಟ್ಟಿರುವುದು ಪರಸ್ಪರ ಅನುಮಾನ. ಅವರ ಸಮಾನತೆ ನಿಜವಾದದ್ದೇ, ಪಾಲಿನಲ್ಲಿ ಒಂದು ಪೆಸೆಟಾ ಹೆಚ್ಚುಕಡಿಮೆ ಇಲ್ಲ. ಇಲ್ಲದಿರುವುದು ಮೈತ್ರಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನೂ ಬಿಡಿಸಿ ನೋಡಬಾರದು, ಬಂಧುತ್ವ ಇಲ್ಲದೆ ಮಿಕ್ಕೆರಡು ಸಹಜವಾಗಿ ನಿಲ್ಲಲಾರವು ಎಂದದ್ದು ನೆನಪಿಗೆ ಬರುತ್ತದೆ. ಬಂಧುತ್ವ ಇಲ್ಲದ ಸಮಪಾಲು ಹೇಗಿರುತ್ತೆ ಅಂತ ಯಾರಾದರೂ ಕೇಳಿದರೆ ಈ ಸಿನಿಮಾ ತೋರಿಸಬಹುದು. ಅದು ಒಬ್ಬನ ಸಾವಿಗಾಗಿ ಎಲ್ಲರೂ ಸೇರಿ ಕಾಯುವ ಸಮಾನತೆ.

ಇಲ್ಲಿ ಒಂದು ಪಾತ್ರದ ಬಗ್ಗೆ ವಿಶೇಷವಾಗಿ ಹೇಳಬೇಕು. ಚಾರ್ಲಿ ಅನ್ನೋ ಯುವಕ. ‘ಸ್ಟಾರ್ ವಾರ್ಸ್’ ಚಿತ್ರದ ಡಾರ್ತ್ ವೇಡರನ ವೇಷ ಹಾಕಿಕೊಂಡು ಓಡಾಡ್ತಾನೆ. ಬುದ್ಧಿ ಸರಿಯಿಲ್ಲದವನು ಅಂತ ಎಲ್ಲರೂ ಅವನನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಹಾಗೆ ಕಾಣಿಸಿಕೊಳ್ಳುವುದೇ ಅವನ ಉಪಾಯ. ಕೊನೆಗೆ ಛಾವಣಿಗಳ ಮೇಲೆ ಬಡಿದಾಡಿ ಜನ ಸತ್ತಮೇಲೆ ಸೂಟ್‌ಕೇಸಿನಲ್ಲಿ ಇದ್ದದ್ದು ಮೊನೊಪಲಿ ಆಟದ ಕಾಗದದ ನೋಟು. ಅಸಲು ದುಡ್ಡನ್ನು ಚಾರ್ಲಿ ಆಗಲೇ ಸಾಗಿಸಿಬಿಟ್ಟಿದ್ದಾನೆ. ಲೆಕ್ಕಕ್ಕಿಲ್ಲದವನ ಎದುರು ಯಾರೂ ಮಾತು ನುಂಗಿಕೊಳ್ಳುವುದಿಲ್ಲ. ಹಾಗಾಗಿ ಎಲ್ಲ ಗುಟ್ಟೂ ಅವನಿಗೇ ಗೊತ್ತು. ನಮ್ಮ ಕೇರಿಗಳಿಂದ ಗೌಡರ ಹಟ್ಟಿ ಗುಡಿಸೋಕೆ, ಕೊಟ್ಟಿಗೆ ಬಾಚೋಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಒಳಮನೆಯ ಚರಿತ್ರೆ ಊರಿನವರಿಗಿಂತ ಕೇರಿಯ ಮುದುಕಿಯರಿಗೆ ಚೆನ್ನಾಗಿ ಗೊತ್ತು.

ಈ ಸಿನಿಮಾ ಒಂಟಿಯಾಗಿ ಹುಟ್ಟಿದ್ದೂ ಅಲ್ಲ. ಸ್ಪೇನಿನಲ್ಲಿ ಕರಿಹಾಸ್ಯದ ಒಂದು ಗಟ್ಟಿ ಪರಂಪರೆಯೇ ಇದೆ, ಅದರಲ್ಲಿ ಮನೆ ಮತ್ತು ಸಾವು ಪದೇಪದೇ ಜೊತೆಯಾಗಿ ಬರುತ್ತವೆ. 1959ರ ‘ಎಲ್ ಪಿಸಿಟೊ’ದಲ್ಲಿ ಬಾಡಿಗೆ ಮನೆಯ ಹಕ್ಕು ಕೈತಪ್ಪಬಾರದು ಅಂತ ಒಬ್ಬಾತ ಸಾಯಲಿರುವ ಮುದುಕಿಯನ್ನು ಮದುವೆಯಾಗುತ್ತಾನೆ. ಬೆರ್ಲಾಂಗಾ 1963ರಲ್ಲಿ ತೆಗೆದ ‘ಎಲ್ ವೆರ್ದುಗೊ’, ಅಂದರೆ ‘ಮರಣದಂಡನೆ ಜಾರಿ ಮಾಡುವವನು’, ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಹೆಣ ಸಾಗಿಸುವ ಕೆಲಸದ ಹುಡುಗನನ್ನು ಯಾವ ಹೆಣ್ಣೂ ಒಪ್ಪುವುದಿಲ್ಲ. ಮರಣದಂಡನೆ ಕೊಡುವವನ ಮಗಳನ್ನು ಯಾವ ಗಂಡೂ ಒಪ್ಪುವುದಿಲ್ಲ. ಇಬ್ಬರೂ ಜೋಡಿಯಾಗ್ತಾರೆ. ಸರ್ಕಾರ ಕೊಡುವ ಮನೆ ಉಳಿಯಬೇಕಾದರೆ ಮಾವನ ಕಸುಬನ್ನು ಅಳಿಯ ಹಿಡಿಯಲೇಬೇಕು. ಹಿಡಿಯುತ್ತಾನೆ. ಕೊನೆಗೆ ಕೊಲ್ಲಬೇಕಾದ ದಿನ ಬಂದಾಗ, ಕೊಲ್ಲಲ್ಪಡುವವನಿಗಿಂತ ಕೊಲ್ಲುವವನನ್ನೇ ಹೆಚ್ಚು ಕಷ್ಟಪಟ್ಟು ಎಳೆದೊಯ್ಯಬೇಕಾಗುತ್ತದೆ.

ಮನುಸ್ಮೃತಿಯ ಹತ್ತನೇ ಅಧ್ಯಾಯ ಅನಾಥ ಹೆಣ ಹೊರುವುದನ್ನೂ, ರಾಜನ ಅಪ್ಪಣೆಯಂತೆ ಅಪರಾಧಿಗಳನ್ನು ಕೊಲ್ಲುವುದನ್ನೂ ಚಂಡಾಲರಿಗೇ ವಿಧಿಸಿದೆ. ಬೆರ್ಲಾಂಗಾ ಜೋಡಿ ಮಾಡಿದ ಎರಡೂ ಕಸುಬು ಅಲ್ಲಿ ಒಂದೇ ಜನದ ತಲೆಯ ಮೇಲಿವೆ. ಇದನ್ನು ನೋಡಿ ಸ್ಪೇನಿನಲ್ಲೂ ಜಾತಿ ಇದೆ ಅಂತ ಕೂಗಿದರೆ ಅದು ಅಗ್ಗದ ಹೋಲಿಕೆ. ಅಳಿಯ ರಾಜೀನಾಮೆ ಬರೆದು ಮನೆ ಬಿಟ್ಟರೆ ಕಳಂಕದಿಂದ ಪಾರಾಗಬಲ್ಲ. ನಮ್ಮಲ್ಲಿ ಕಸುಬು ಬಿಟ್ಟವನ ಬೆನ್ನಿಗೂ ಹೆಸರು ಅಂಟಿಕೊಂಡೇ ಬರುತ್ತದೆ, ನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ‘ನೀವು ಯಾವ ಜನ?’ ಅನ್ನೋವರೆಗೂ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದರ ಉಪಯೋಗ ಇಷ್ಟೇ: ಕೊಳಕು ಕೆಲಸ ಸಮಾಜಕ್ಕೆ ಬೇಕು, ಮಾಡಿದವರು ಬೇಡ ಅನ್ನುವ ಮನಸ್ಸು ಎಲ್ಲ ಕಡೆ ಇದೆ. ಅದಕ್ಕೆ ಹುಟ್ಟಿನ ಬೀಗ ಜಡಿದು ದೇವರ ಮುದ್ರೆ ಒತ್ತಿದ್ದು ನಮ್ಮ ಸಾಧನೆ.

ಇನ್ನು ಹಠಾತ್ ಭಾಗ್ಯದ ಇನ್ನೊಂದು ಬಗೆಯ ಕತೆ. 1998ರಲ್ಲಿ ಬಂದ ‘ವೇಕಿಂಗ್ ನೆಡ್’ ಐರ್ಲೆಂಡಿನ ಪುಟ್ಟ ಹಳ್ಳಿಯೊಂದರ ಕತೆ. ಲಾಟರಿ ಗೆದ್ದ ಆಘಾತಕ್ಕೇ ನೆಡ್ ಸತ್ತುಹೋಗುತ್ತಾನೆ. ಅವನು ಬದುಕಿದ್ದಾನೆಂದು ನಂಬಿಸಿ 52 ಜನರ ಇಡೀ ಹಳ್ಳಿ ದುಡ್ಡನ್ನು ಹಂಚಿಕೊಳ್ಳುತ್ತದೆ. ನೋಡಿದರೆ ಮನಸ್ಸು ಹಗುರಾಗುತ್ತೆ. ಆದರೆ ಒಪ್ಪದ ಒಬ್ಬ ಮುದುಕಿ ಇದ್ದಾಳೆ. ಎಲ್ಲರೊಂದಿಗೂ ಜಗಳ ಕಾಯ್ದವಳು, ಇನಾಮಿನ ಆಸೆಗೆ ದೂರು ಕೊಡಲು ಹೋದವಳು. ಅವಳು ಟೆಲಿಫೋನ್ ಗೂಡಿನ ಸಮೇತ ಬಂಡೆಯಂಚಿನಿಂದ ಕೆಳಗುರುಳುತ್ತಾಳೆ. ಅಪಘಾತ ಅನ್ನೋ ನೆಪದಲ್ಲಿ ನಮ್ಮನ್ನು ನಗಿಸಲಾಗುತ್ತದೆ. ಹಳ್ಳಿಯ ಒಗ್ಗಟ್ಟಿನ ಪೂರ್ಣತೆಗೆ ಅವಳ ಸಾವು ಬೇಕಾಗಿತ್ತು. ‘ಲಾ ಕೊಮುನಿದಾದ್’ ಬಯಲಿಗೆಳೆದದ್ದನ್ನು ಈ ಚಿತ್ರ ಸಕ್ಕರೆ ಹಚ್ಚಿ ಮುಚ್ಚಿಟ್ಟಿದೆ.

ಇದೇ ಕತೆಯ ಎಳೆ ಹಿಡಿದು ಪ್ರಿಯದರ್ಶನ್ 2006ರಲ್ಲಿ ಹಿಂದಿಯಲ್ಲಿ ‘ಮಾಲಾಮಾಲ್ ವೀಕ್ಲಿ’ ಮಾಡಿದರು. ಪರೇಶ್ ರಾವಲ್, ಓಂ ಪುರಿ ನಟಿಸಿದ್ದಾರೆ. ಬಡ ಹಳ್ಳಿ, ಊರೆಲ್ಲ ಠಾಕೂರ ಮನೆತನದ ಒಡತಿಗೆ ಸಾಲಗಾರರು, ಒಂದು ಕೋಟಿಯ ಲಾಟರಿ, ಟಿಕೆಟ್ ಹಿಡಿದೇ ಸತ್ತವನು. ಗುಟ್ಟು ತಿಳಿದವರು ಒಬ್ಬೊಬ್ಬರಾಗಿ ಬಂದ ಹಾಗೆಲ್ಲ ಪಾಲುದಾರರ ಪಟ್ಟಿ ಬೆಳೆಯುತ್ತಾ ಹೋಗುತ್ತೆ. ನಗು ಬರೋದು ಅದರಿಂದಲೇ. ನಾನು ಕೇಳೋದು ಒಂದೇ ಪ್ರಶ್ನೆ. ಐರ್ಲೆಂಡಿನ ಹಳ್ಳಿಯನ್ನು ಹಾಗೇ ಎತ್ತಿ ಇಲ್ಲಿ ಇಟ್ಟರೆ ಆಗುತ್ತದೆಯೇ? ಆ ಹಳ್ಳಿಯಲ್ಲಿ 52 ಜನ ಒಂದೇ ಹೋಟೆಲಿನಲ್ಲಿ ಕೂತು ಕುಡಿಯುತ್ತಾರೆ, ಒಂದೇ ಚರ್ಚಿಗೆ ಹೋಗುತ್ತಾರೆ. ನಮ್ಮ ಹಳ್ಳಿ ಅಂದರೆ ಎರಡು ಊರು. 1948ರ ನವೆಂಬರ್ 4ರಂದು ಅಂಬೇಡ್ಕರ್ ಹಳ್ಳಿಯ ವೈಭವೀಕರಣವನ್ನು ಸಂವಿಧಾನ ಸಭೆಯಲ್ಲೇ ಖಂಡಿಸಿದ್ದು ಇದೇ ಕಾರಣಕ್ಕೆ. ಸಿನಿಮಾದಲ್ಲಿ ಸಾಲ ಇದೆ, ಸಾಲ ಕೊಟ್ಟವರ ಜಾತಿಯ ಗತ್ತೂ ಇದೆ. ಕೇರಿ ಎಂಬುದು ಮಾತ್ರ ಕತೆಗೆ ಬೇಕಾಗಿಯೇ ಇಲ್ಲ. ಪಟ್ಟಿ ಎಷ್ಟೇ ಬೆಳೆದರೂ ಊರ ಬಾಗಿಲಿನ ಹತ್ತಿರ ಅದು ನಿಂತೀತು ಎಂಬ ಅನುಮಾನವೇ ಚಿತ್ರಕ್ಕೆ ಬಂದಿಲ್ಲ. ಅನುಮಾನ ಬಂದಿದ್ದರೆ ಹಾಸ್ಯ ಇನ್ನೂ ಹರಿತವಾಗುತ್ತಿತ್ತು, ಕರಿಹಾಸ್ಯ ನಿಜಕ್ಕೂ ಕಪ್ಪಾಗುತ್ತಿತ್ತು.

ಹಾಗಾದರೆ ಕೇರಿಗೆ ಹಠಾತ್ ಭಾಗ್ಯ ಬಂದರೆ ಏನಾಗುತ್ತೆ? ಇದಕ್ಕೆ ಕನ್ನಡದಲ್ಲಿ ಉತ್ತರ ಇದೆ, ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆಗೆ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಕದ್ದು ಬರುತ್ತದೆ. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ, ಸಿಪ್ಪೆಯನ್ನೂ ಉಳಿಸದೆ ಒಲೆಗೆ ಹಾಕುತ್ತಾರೆ. ಪೊಲೀಸರು ಬಂದು ಮನೆ ಜಾಲಾಡಿದರೆ ಕಡಲೆಕಾಯಿಯ ಸುಳಿವೇ ಇಲ್ಲ. ಆ ಮನೆಯಲ್ಲೂ ಜಗಳ ಇದೆ, ಅಣ್ಣತಮ್ಮಂದಿರ ಪಾಲಿನ ತಕರಾರಿದೆ, ಯಾರೂ ಸಂತರಲ್ಲ. ಆದರೆ ಮ್ಯಾಡ್ರಿಡ್ಡಿನ ಮುದುಕ ನೆಲದಡಿ ಹೂತಿಟ್ಟ, ಮುಟ್ಟಲಾಗದ ದುಡ್ಡಿಗೂ ಒಂದೇ ರಾತ್ರಿಯಲ್ಲಿ ಹೊಟ್ಟೆ ಸೇರಿದ ಈ ಮೂಟೆಗೂ ಇರುವ ಅಂತರ ನೋಡಿ. ಕೂಡಿಡೋಕೆ ಜಾಗವೇ ಇಲ್ಲದವರು ಭಾಗ್ಯವನ್ನು ತಿಂದೇ ಮುಗಿಸಬೇಕು. ಇದನ್ನು ಬಡವರ ಉದಾರಗುಣ ಅಂತ ಹಾಡಿ ಹೊಗಳುವುದು ಬೇಡ. ಅಲ್ಲಿರುವುದು ಹಸಿವು, ಪೊಲೀಸರ ಭಯ, ಅದರ ನಡುವೆಯೇ ಉಕ್ಕಿದ ಒಂದು ರಾತ್ರಿಯ ಸಡಗರ.

ಯುವ ವಿಮರ್ಶಕರಿಗೆ ನನ್ನದೊಂದು ಸಲಹೆ. ಒಂದು ಕತೆ ಹಂಚಿಕೆಯ ಬಗ್ಗೆ ಮಾತಾಡಿದಾಗ ಪಟ್ಟಿ ತೆಗೆದು ನೋಡಿ. ಅದನ್ನು ಬರೆದವರು ಯಾರು, ಸಹಿ ಹಾಕಿದವರು ಯಾರು, ಹೆಸರೇ ಇಲ್ಲದವರು ಯಾರು, ಒಪ್ಪದವರಿಗೆ ಏನಾಯಿತು? ಈ ನಾಲ್ಕು ಪ್ರಶ್ನೆ ಸಿನಿಮಾಕ್ಕೂ ಸಲ್ಲುತ್ತವೆ, ಪಂಚಾಯ್ತಿಯ ಮನೆ ಹಂಚಿಕೆಗೂ ಸಲ್ಲುತ್ತವೆ. ನಾವೇ ಕಟ್ಟಿಕೊಂಡ ಸಂಘಟನೆಗಳ ಪದಾಧಿಕಾರಿಗಳ ಪಟ್ಟಿಗಂತೂ ಇನ್ನೂ ಹೆಚ್ಚು ಸಲ್ಲುತ್ತವೆ. ಸಮುದಾಯ ಅನ್ನೋ ಪದವನ್ನು ನಾವು ತುಂಬ ಪ್ರೀತಿಯಿಂದ ಬಳಸ್ತೀವಿ. ಅದು ಬಾಗಿಲು ಹಾಕಿಕೊಂಡ ದಿನ ಅದರ ಹೆಸರು ಜಾತಿ.