ಕಾಲಯಂತ್ರ ಹತ್ತಿದವನು ಮರಳಿ ಬಂದಾನೆಯೇ?

ಆಧುನಿಕ ಸೈನ್ಯದ ತುಕಡಿಯೊಂದು ಟ್ಯಾಂಕು, ಜೀಪುಗಳ ಸಮೇತ ನಾಲ್ಕು ಶತಮಾನ ಹಿಂದಕ್ಕೆ ಜಾರಿ, ಸಾಮುರಾಯ್ ಯೋಧರ ನಡುವೆ ಹೋಗಿ ಬಿದ್ದರೆ? ಜಪಾನಿನ ರ್ಯೊ ಹನ್ಮುರ 1971ರಲ್ಲಿ ಬರೆದ ಕಾದಂಬರಿಯ ವಸ್ತು ಇದು. 1979ರಲ್ಲಿ ಚಲನಚಿತ್ರವೂ ಆಯಿತು. ಸೈನಿಕರು ಸುಲಭವಾಗಿ ಗೆದ್ದುಬಿಡುತ್ತಾರೆ ಎಂದು ನಮ್ಮ ಮಕ್ಕಳು ಥಟ್ಟನೆ ಹೇಳಿಯಾರು. ಆದರೆ ಪೆಟ್ರೋಲು ಮುಗಿದ ಮೇಲೆ ಜೀಪು ಬರೀ ಕಬ್ಬಿಣ. 1543ರಲ್ಲಿ ಪೋರ್ಚುಗೀಸರು ಜಪಾನಿಗೆ ಬಂದೂಕು ತಂದಾಗ ಅದು ಅಲ್ಲಿ ಬೇರೂರಿದ್ದು, ಸ್ಥಳೀಯ ಕಮ್ಮಾರರು ಅದನ್ನು ಮಾಡಲು ಕಲಿತದ್ದರಿಂದ.

ಈ ಕಥೆಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ತಂದು ನೋಡೋಣ. ಹತ್ತಿರದಲ್ಲೇ ಶಿವನಸಮುದ್ರ. ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಜಾಗ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯ ಕೆಲವೇ ವರ್ಷಗಳಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಈ ದ್ವೀಪದ ಕೋಟೆಗೆ ಮುತ್ತಿಗೆ ಹಾಕಿದ. ತಪ್ಪಿಸಿಕೊಂಡು ಹೋಗುತ್ತಿದ್ದ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ.

ಬೆಳಕವಾಡಿಯ ಹುಡುಗನೊಬ್ಬ ಅವನನ್ನು ಉಳಿಸಲು ಹೊರಟ ಎನ್ನಿ. ಕೈಯಲ್ಲಿ ಮೊಬೈಲು. ಅಲ್ಲಿ ಟವರೂ ಇಲ್ಲ, ಚಾರ್ಜು ಮಾಡಲು ಕರೆಂಟೂ ಇಲ್ಲ. ಅದೇ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ!

ಹುಡುಗ ಗಂಗರಾಜನನ್ನು ಉಳಿಸಿಯೇಬಿಟ್ಟರೆ, ಅವನು ಮುಳುಗಿದನೆಂಬ ಪಾಠ ಪುಸ್ತಕದಲ್ಲಿ ಇರುವುದಿಲ್ಲ. ಪಾಠವೇ ಇಲ್ಲದಿದ್ದರೆ ಹುಡುಗ ಹೊರಟದ್ದಾದರೂ ಏಕೆ? ಸಿನಿಮಾದವರಿಗೆ ಇಷ್ಟವಾಗುವ ಈ ಮುಕ್ತಾಯ ತರ್ಕಕ್ಕೆ ನಿಲ್ಲುವುದಿಲ್ಲ. ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ ವಾದವನ್ನು ಹಿಡಿದು, ಗಂಗರಾಜ ಬದುಕಿದ್ದು ಬೇರೊಂದು ಜಗತ್ತಿನಲ್ಲಿ ಎನ್ನುವವರಿದ್ದಾರೆ. ಅದು ಜಾರಿಕೊಳ್ಳುವ ದಾರಿ ಎನಿಸುತ್ತದೆ. ರಷ್ಯದ ಭೌತವಿಜ್ಞಾನಿ ಇಗೋರ್ ನೊವಿಕೊವ್ ಅವರ ವಿಚಾರ ಹೆಚ್ಚು ಬಿಗಿಯಾದದ್ದು: ಹಿಂದಕ್ಕೆ ಹೋದವನು ಮಾಡುವುದೆಲ್ಲ ಆಗಲೇ ನಡೆದುಹೋದದ್ದರ ಭಾಗ. ಹಾಗಾದರೆ, ಕೋಟೆ ಬೀಳುತ್ತದೆಂದು ಹುಡುಗ ಎಚ್ಚರಿಸಿದ್ದರಿಂದಲೇ ಗಂಗರಾಜ ಹೊಳೆಯ ಕಡೆ ಓಡಿರಬೇಕು!

ಮುಂದಕ್ಕೆ ಹೋಗುವ ಪ್ರಯಾಣ ಮಾತ್ರ ಕಟ್ಟುಕಥೆಯಲ್ಲ. ವೇಗ ಹೆಚ್ಚಿದಷ್ಟೂ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದರು. ಒಟ್ಟು 803 ದಿನ ಅಂತರಿಕ್ಷದಲ್ಲಿದ್ದ ಸೆರ್ಗೆಯ್ ಕ್ರಿಕಲೇವ್, ನೆಲದ ಮೇಲಿದ್ದವರಿಗಿಂತ ಸುಮಾರು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚಿಕ್ಕವರು. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ ಕೊಂಚ ಹೊತ್ತು ಕಾದು ಮರಳುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವೆಂಬ ಭಾಗವತದ ಕಥೆ ಅಜ್ಜಿಯರಿಗೆಲ್ಲ ಗೊತ್ತು.

ನಮ್ಮ ಹುಡುಗನಿಗೆ ಮಾತ್ರ ಮರಳುವ ದಾರಿಯಿಲ್ಲ. ಅಲ್ಲೇ ಹೊಲ ಉಳುತ್ತಾನೆ, ಮದುವೆಯಾಗುತ್ತಾನೆ. ಇಂದು ಬೆಳಕವಾಡಿಯಲ್ಲಿರುವ ಕೆಲವರು ಅವನ ಸಂತತಿಯೇ ಇರಬಹುದು, ಅವನನ್ನು ಹುಡುಕುತ್ತಿರುವ ಅಪ್ಪ ಅಮ್ಮನೂ ಸೇರಿ.